ಓದುಗರ ಜೊತೆ ಮಾತು: ಚಕೋತದ ಚೆಂಡು, ಕಾಫಿ ಕಣ

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದವನು. ಈಗ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮಗನಿಗೆ ಫುಟ್‌ಬಾಲ್ ಹುಚ್ಚು. ಶೂ ಇಲ್ಲದೆ ಗ್ರೌಂಡಿಗೆ ಇಳಿಯುವುದಿಲ್ಲ. ನಾವು ಚಕೋತ ಒದ್ದು ಆಡಿದವರು ಅಂದರೆ ನಗುತ್ತಾನೆ. ನೀವೂ ಲೈನಿನವರೇ ಅಂತ ಹಿಂದೊಮ್ಮೆ ಬರೆದಿದ್ದಿರಿ. ನೀವಾದರೂ ಹೇಳಿ, ಇದು ನಿಜ ತಾನೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ನಿಜ. ಸಾಕ್ಷಿಗೆ ನನ್ನ ಬಲಗಾಲಿನ ಹೆಬ್ಬೆರಳಿದೆ, ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ಮಗನಿಗೆ ಇದನ್ನೂ ಹೇಳಿ. ಎಲ್ಲಾ ಚಕೋತವೂ ಆಗುವುದಿಲ್ಲ. ಹಣ್ಣಾಗಿದ್ದರೆ ಎರಡೇ ಒದೆತಕ್ಕೆ ಬಾಯಿ ಬಿಡುತ್ತದೆ. ಗಾಳಿಗೆ ಉದುರಿದ ಹಸಿರು ಕಾಯಿ ಬೇಕು. ಅದು ಕಲ್ಲಿನ ಹಾಗಿರುತ್ತದೆ, ಅದಕ್ಕೇ ನಾವು ಒಲೆಯ ಬಿಸಿ ಬೂದಿಯಲ್ಲಿ ಸ್ವಲ್ಪ ಹೊತ್ತು ಹೂತಿಡುತ್ತಿದ್ದೆವು. ಸಿಪ್ಪೆಯ ಒಳಗಿನ ಬಿಳಿ ಭಾಗ ದಪ್ಪ ಅಲ್ವಾ, ಅದು ಮೆತ್ತಗಾದರೆ ಕಾಲಿಗೆ ಅಷ್ಟು ನೋವಿಲ್ಲ. ಪುಟಿಯುತ್ತಿತ್ತು ಅಂತ ಮಾತ್ರ ಹೇಳಬೇಡಿ. ಅದು ಸುಳ್ಳಾಗುತ್ತದೆ.

ನಮ್ಮ ಲೈನಿನಲ್ಲಿ ಸಾಲಾಗಿ ಹತ್ತು ಮನೆ, ಹತ್ತಕ್ಕೂ ಸೇರಿ ಒಂದೇ ನಲ್ಲಿ. ಅಪ್ಪ ಅವ್ವ ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದವರು. ಪಕ್ಕದ ಮನೆಯಲ್ಲಿ ಮಲಯಾಳ, ಆಚೆಗೆ ತಮಿಳು, ಕೊನೆಯ ಮನೆಯಲ್ಲಿ ತುಳು. ಮಕ್ಕಳಿಗೆಲ್ಲ ಆಟದ ಭಾಷೆ ಮಾತ್ರ ಒಂದೇ. ಚೆಂಡು ಗೋಲಿನ ಹತ್ತಿರ ಬಂತು ಅಂದರೆ ಎಲ್ಲರ ಬಾಯಲ್ಲೂ "ಅಡಿಡಾ!", ಹೊಡೆಯೋ ಅಂತ. ಆ ಮಾತು ಮಲಯಾಳ ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಹೋದ ಮೇಲೆ.

ಲೈನಿನ ಮುಂದಿನ ಮಣ್ಣು ದಾರಿಯೇ ನಮ್ಮ ಬೀದಿ. ಆದರೆ ಆಸೆಯೆಲ್ಲ ಕಾಫಿ ಕಣದ ಮೇಲೆ. ಸಿಮೆಂಟಿನ ನೆಲ, ಚಪ್ಪಟೆ, ವಿಶಾಲ. ಡಿಸೆಂಬರಿನಿಂದ ಕೊಯ್ಲು ಮುಗಿಯುವವರೆಗೆ ಅಲ್ಲಿ ಕಾಫಿ ಹಣ್ಣು ಒಣಗುತ್ತಿರುತ್ತದೆ, ಕಾಲಿಡುವಂತಿಲ್ಲ. ಹಣ್ಣನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಗಿಲಗಿಲ ಅಂದರೆ ಒಣಗಿತು ಅಂತ. ದೊಡ್ಡವರು ಮೂಟೆ ಕಟ್ಟುವ ಲೆಕ್ಕದಲ್ಲಿ ಆ ಸದ್ದು ಕೇಳುತ್ತಿದ್ದರು. ನಾವು ಕಣ ಯಾವಾಗ ಖಾಲಿಯಾಗುತ್ತದೆ ಅಂತ ಕದ್ದು ಅಲ್ಲಾಡಿಸಿ ನೋಡುತ್ತಿದ್ದೆವು. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಕಣ ನಮ್ಮದು. ಜೂನ್ ಬಂದರೆ ಪಾಚಿ ಕಟ್ಟಿ ಜಾರುತ್ತಿತ್ತು, ಆಗಲೂ ಆಡಿದ್ದೇವೆ, ಬುದ್ಧಿ ಇರಲಿಲ್ಲ.

ನಿಜವಾದ ಚೆಂಡು ಬಂದಿದ್ದು ಒಂದೇ ಒಂದು ಸಲ. ಬಾವಲಿ ಚೀಪಿ ಉಗುಳಿದ ಕಾಫಿ ಬೀಜ ಗಿಡದಡಿ ಬಿದ್ದಿರುತ್ತದಲ್ಲ, ಅದನ್ನು ಹೆಕ್ಕಿ ಹೆಕ್ಕಿ ಅಂಗಡಿಗೆ ಮಾರಿದೆವು. ತೋಟದ ಮಾಲು, ತಪ್ಪೇ. ಮೇಸ್ತ್ರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಆಚೆ ತಿರುಗಿ ಬೀಡಿ ಹಚ್ಚಿದರು. ವಿರಾಜಪೇಟೆಯಿಂದ ತಂದ ಆ ಚೆಂಡು ಹನ್ನೊಂದನೇ ದಿನ ಮುಳ್ಳುತಂತಿಗೆ ಸಿಕ್ಕಿ ಬ್ಲ್ಯಾಡರ್ ಹೋಯಿತು. ಹೊಸದಕ್ಕೆ ದುಡ್ಡಿಲ್ಲ. ಒಳಗೆ ಹುಲ್ಲು, ಹಳೇ ಬಟ್ಟೆ ತುರುಕಿ ಹೊಲಿದೆವು. ಒಂದು ಸಂಜೆ ಆಡುವಾಗ ಹೊಲಿಗೆ ಬಿಚ್ಚಿ, ಕಣದ ಉದ್ದಕ್ಕೂ ನೀಲಿ ಸೀರೆಯ ಸೆರಗು ಹೊರಗೆ ಬಂತು. ಕೆಲಸ ಬಿಟ್ಟು ಬರುತ್ತಿದ್ದ ಅವ್ವ ನಿಂತು ನೋಡಿದಳು. ಆ ಸೀರೆ ಹಳೆಯದಾಗಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಕಟ್ಟಿಗೆಯ ಏಟಿನಲ್ಲಿ.

ಶೂ ಕೊಡಿಸಿ. ಸಾಧ್ಯವಾದಾಗ ಕೊಡಿಸುವುದರಲ್ಲಿ ತಪ್ಪೇನಿದೆ? ಒಂದು ಚಕೋತವನ್ನೂ ಮುಂದಿಡಿ.

ಪ್ರಶ್ನೆ: ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲವಂತೆ. ಹೌದಾ?
– ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಒಳ್ಳೆಯ ಕಥೆ, ಆದರೆ ಅಷ್ಟೇ ಕಾರಣವಲ್ಲ. ಬ್ರೆಜಿಲ್‌ಗೆ ಹಡಗಿನಲ್ಲಿ ದೂರದ ಪ್ರಯಾಣ, ತಂಡ ಆರಿಸುವಲ್ಲಿ ಗೊಂದಲ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಫುಟ್‌ಬಾಲ್ ಸಂಸ್ಥೆಯವರಿಗೆ ಆಗ ಒಲಿಂಪಿಕ್ಸೇ ದೊಡ್ಡದು. ಎದುರಾಳಿಗಳು ಹಿಂದೆ ಸರಿದಿದ್ದರಿಂದ ಅರ್ಹತೆ ಸುಮ್ನೆ ಕೈಗೆ ಬಂದಿತ್ತು. ಅದನ್ನೂ ಬಿಟ್ಟರು.

ಬರಿಗಾಲಲ್ಲಿ ಆಡಿದ್ದಂತೂ ಸತ್ಯ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. 2–1ರಲ್ಲಿ ಸೋತರು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು. ನಮ್ಮ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಬೂಟು ಕಡ್ಡಾಯವಾಗಿದ್ದು ಅದಾದ ಮೇಲೆ.

ಪ್ರಶ್ನೆ: ಕೊಡಗಿನವರಾಗಿ ಹಾಕಿ ಬಿಟ್ಟು ಫುಟ್‌ಬಾಲ್ ಬಗ್ಗೆಯೇ ಯಾಕೆ ಬರೆಯುತ್ತೀರಿ?
– ಓದುಗರು, ಗೋಣಿಕೊಪ್ಪ

ಉತ್ತರ: ಹಾಕಿ ಮೇಲೆ ಮುನಿಸಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದರಲ್ಲ, ಆ ಹಬ್ಬಕ್ಕೆ ನಾನೂ ಎಷ್ಟೋ ವರ್ಷ ಹೋಗಿ ಚಪ್ಪಾಳೆ ತಟ್ಟಿದ್ದೇನೆ. ಆದರೆ ಅಲ್ಲಿ ಆಡುವುದು ಮನೆತನದ ಹೆಸರಲ್ಲಿ. ನಮ್ಮದು ಲೈನ್ ನಂಬರ್. ಸ್ಟಿಕ್ ಒಬ್ಬೊಬ್ಬರಿಗೂ ಒಂದೊಂದು ಬೇಕು, ಚೆಂಡು ಇಡೀ ಲೈನಿಗೆ ಒಂದಿದ್ದರೆ ಸಾಕು. ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಪಂದ್ಯ ನಡೆಯುವಾಗ ಒಮ್ಮೆ ಹೋಗಿ ನೋಡಿ, ಫುಟ್‌ಬಾಲ್ ಹುಚ್ಚು ಇಲ್ಲೂ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ನಿಮ್ಮ ಮೆಚ್ಚಿನ ತಂಡ? ಬ್ರೆಜಿಲ್ಲಾ, ಅರ್ಜೆಂಟೀನಾನಾ?
– ಓದುಗರು, ಸೋಮವಾರಪೇಟೆ

ಉತ್ತರ: ಕ್ಯಾಮರೂನ್. 1990ರ ಜೂನ್ 8ರ ರಾತ್ರಿ, ವಿಶ್ವಕಪ್‌ನ ಮೊದಲ ಪಂದ್ಯ. ತೋಟದ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಮಾತ್ರ ಟಿವಿ. ಜಗಲಿಯಲ್ಲಿ ನಾವೆಲ್ಲ ಗೋಣಿಚೀಲ ಹೊದ್ದು ಕೂತಿದ್ದೆವು. ಮರಡೋನನ ಅರ್ಜೆಂಟೀನಾ ಗೆಲ್ಲುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಷ್ಟರಲ್ಲಿ ಮಳೆಗೆ ಕರೆಂಟ್ ಹೋಯಿತು. ಒಮಾಮ್ ಬಿಯಿಕ್ ತಲೆಯಿಂದ ಹೊಡೆದ ಗೋಲು ನಮಗೆ ಸಿಗಲೇ ಇಲ್ಲ. ಕರೆಂಟ್ ಬಂದಾಗ ಕ್ಯಾಮರೂನ್ 1–0 ಮುಂದೆ. ಅವರ ಆಟಗಾರರು ಯಾಕೋ ಕಡಿಮೆ ಕಂಡರು. ಇಬ್ಬರಿಗೆ ರೆಡ್ ಕಾರ್ಡ್ ಆಗಿತ್ತು ಅಂತ ನಮಗೇನು ಗೊತ್ತು? ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆವು. ಒಂಬತ್ತೇ ಜನ. ಸರಿಯಾಗಿ ನಮ್ಮ ಲೈನ್ ಟೀಮಿನಷ್ಟು.