ಬೇಡ ಅಂದವರಿಗೆ ಮತ್ತೆ ಹೇಳಬೇಕೇ?

ಪ್ರಶ್ನೆ: ಅಯ್ಯನವರೇ, ನಾನು ನರ್ಸ್. ಜೊತೆಗೆ ಕೆಲಸ ಮಾಡುವ ಗೆಳತಿಗೆ ಯೇಸುವಿನ ಬಗ್ಗೆ ಹೇಳಿದೆ. ‘ಈ ವಿಷಯ ನನ್ನ ಹತ್ತಿರ ತೆಗೀಬೇಡ’ ಅಂದಳು. ತುಂಬಾ ನೋವಾಗಿದೆ. ಬಿಟ್ಟುಬಿಡಲೇ?
– ಓದುಗರೊಬ್ಬರು, ಗದಗ

ಉತ್ತರ: ತಂಗಿ, ಬೇಡ ಅಂದ ಮೇಲೆ ಆ ಮಾತು ನಿಲ್ಲಿಸು. ಗೆಳೆತನ ನಿಲ್ಲಿಸಬೇಡ, ಪ್ರಾರ್ಥನೆಯನ್ನೂ ಬಿಡಬೇಡ.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಭಾಷೆ ಕಲಿತರು, ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಸಾರಿದರು. ಮರುವರ್ಷವೇ ಪುಟ್ಟ ಮಗ ಪೀಟರ್ ತೀರಿಕೊಂಡ. ಹೆಂಡತಿಯ ಮನಸ್ಸಿನ ಆರೋಗ್ಯ ಕೆಟ್ಟಿತು. ಸುಮಾರು ಏಳು ವರ್ಷ ಒಬ್ಬ ಬಂಗಾಳಿಯೂ ಕ್ರೈಸ್ತರಾಗುವಾಗ ಪಡೆಯುವ ದೀಕ್ಷಾಸ್ನಾನಕ್ಕೆ ಮುಂದೆ ಬರಲಿಲ್ಲ. ಆ ವರ್ಷಗಳನ್ನು ನೆನೆದರೆ ನನಗೆ ಈಗಲೂ ಎದೆ ಭಾರವಾಗುತ್ತದೆ.

1800ರ ಡಿಸೆಂಬರ್‌ನಲ್ಲಿ ಶ್ರೀರಾಂಪುರದ ಬಡಗಿ ಕೃಷ್ಣ ಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಅದಕ್ಕೆ ಸ್ವಲ್ಪ ಮುಂಚೆ ಅವರ ಭುಜದ ಕೀಲು ತಪ್ಪಿತ್ತು. ಕೇರಿಯವರ ಜೊತೆಗಾರ ಡಾಕ್ಟರ್ ಜಾನ್ ಥಾಮಸ್ ಅದನ್ನು ಕೂರಿಸಿದರು, ಸುವಾರ್ತೆಯನ್ನೂ ಹೇಳಿದರು. ನೀನು ನರ್ಸ್ ಅಲ್ವಾ, ನೋವಿನಲ್ಲಿರುವವರಿಗೆ ಒಂದು ಒಳ್ಳೆಯ ಕೈ ಎಷ್ಟು ದೊಡ್ಡದು ಅಂತ ನಿನಗೇ ಜಾಸ್ತಿ ಗೊತ್ತು.

ಆದರೆ ಡ್ಯೂಟಿಯಲ್ಲಿ ರೋಗಿಗಳ ಹತ್ತಿರ ನೀನಾಗಿ ಧರ್ಮದ ಮಾತು ತೆಗೆಯಬೇಡ. ಬೇಸರವಾದರೂ ಅವರು ಎದ್ದು ಹೋಗುವಂತಿಲ್ಲ.

ನಂಬಿಕೆಯ ಬಗ್ಗೆ ಕೇಳಿದವರಿಗೆ ಮೃದುವಾಗಿ, ಗೌರವದಿಂದ ಉತ್ತರ ಕೊಡಿ ಎನ್ನುತ್ತಾನೆ ಪೇತ್ರ (1 ಪೇತ್ರ 3:15). ಗೆಳತಿ ತಾನಾಗಿ ಕೇಳಿದ ದಿನ ವಾದ ಬೇಡ. ಯೇಸು ನಿನಗೆ ಏನು ಮಾಡಿದ್ದಾನೆ, ಅಷ್ಟು ಹೇಳು. ಅಲ್ಲಿಯವರೆಗೆ ಅವಳಿಗೆ ಹುಷಾರಿಲ್ಲದ ದಿನ ಅವಳ ನೈಟ್ ಶಿಫ್ಟ್ ನೀನು ಮಾಡು.