ಮನೆಯ ಅಡ್ವಾನ್ಸಿಗೆ ಚೆಕ್ ಕೇಳುತ್ತಿದ್ದಾರೆ, ಕೊಡಲೇ?

ಪ್ರಶ್ನೆ: ವಿಜಯನಗರದಲ್ಲಿ ಬಾಡಿಗೆಗೆ ಮನೆ ನೋಡಿದ್ದೇವೆ. ಅಡ್ವಾನ್ಸ್ 3 ಲಕ್ಷ ರೂಪಾಯಿ. ಮನೆಯ ಮಾಲೀಕರು ವಯಸ್ಸಾದವರು, ಚೆಕ್ಕೇ ಬೇಕು ಎನ್ನುತ್ತಾರೆ. ನನ್ನ ಹತ್ತಿರ ಚೆಕ್ ಪುಸ್ತಕವೇ ಇಲ್ಲ. ಮೊಬೈಲಿನಲ್ಲೇ ಎಲ್ಲ ನಡೆಯುವಾಗ ತರಿಸಿಕೊಳ್ಳಬೇಕೇ?

ಉತ್ತರ: ಖಂಡಿತ ತರಿಸಿಕೊಳ್ಳಿ. ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳುಹಿಸಲು ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿಯ ಮಿತಿಯಿದೆ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ನೆಫ್ಟ್ ಮೂಲಕ ಕಳುಹಿಸಬಹುದು, ತಪ್ಪೇನಿಲ್ಲ. ಆದರೆ ಆ ಹಿರಿಯರು ಕರಾರುಪತ್ರದಲ್ಲಿ ಚೆಕ್ಕಿನ ಸಂಖ್ಯೆ ಬರೆಸಿ, ಕಾಗದವನ್ನು ಕೈಯಲ್ಲಿ ಹಿಡಿದು ಓದಿ, ಆಮೇಲೆ ಬೀಗದ ಕೈ ಕೊಡುವ ಕಾಲದವರು. ಅವರ ನೆಮ್ಮದಿಗೂ ಬೆಲೆಯಿದೆ.

ಚೆಕ್ಕಿನ ಬಲ ನಿಮಗೆ ಚೆನ್ನಾಗಿ ತಿಳಿಯುವುದು ಮನೆ ಖಾಲಿ ಮಾಡುವ ದಿನ. "ಬೇರೆಯವರು ಬಾಡಿಗೆಗೆ ಬಂದ ಮೇಲೆ ಅಡ್ವಾನ್ಸ್ ಕೊಡುತ್ತೇನೆ" ಎಂಬ ಮಾತನ್ನು ಬೆಂಗಳೂರಿನ ಎಷ್ಟೋ ಬಾಡಿಗೆದಾರರು ಕೇಳಿದ್ದಾರೆ. ನಿಮ್ಮ ಮಾಲೀಕರೂ ಹಾಗೆ ಹೇಳಿದರೆ, ಒಪ್ಪಿಕೊಂಡ ತಾರೀಖು ಹಾಕಿದ ಚೆಕ್ಕನ್ನೇ ಅವರಿಂದ ಕೇಳಿ ಪಡೆಯಿರಿ. ಆ ತಾರೀಖಿನಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಖಾತೆಯಲ್ಲಿ ಹಣವಿಲ್ಲದೆ ವಾಪಸು ಬಂದರೆ, ವಿಷಯ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಿ. ನೋಟಿಸ್ ತಲುಪಿ 15 ದಿನವಾದರೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಚೆಕ್ಕಿನಂಥ ಪತ್ರಗಳ ಕುರಿತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಬರೀ ಬಾಯಿಮಾತಿಗೆ ಈ ಬಲವೆಲ್ಲಿದೆ?

ಈ ಬಲ ನಿಮ್ಮ ಮೇಲೂ ತಿರುಗಬಹುದು. ಆದ್ದರಿಂದ ಯಾರು ಎಷ್ಟೇ ಒತ್ತಾಯಿಸಿದರೂ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ನಾನು ಬ್ಯಾಂಕಿನಲ್ಲಿದ್ದಾಗ, ಹಾಗೆ ಕೊಟ್ಟು ಕಣ್ಣೀರಿಟ್ಟವರನ್ನು ಕಂಡಿದ್ದೇನೆ.

ಬರೆಯುವಾಗ ಎಡ ಮೇಲ್ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದು, ನಡುವೆ 'ಅಕೌಂಟ್ ಪೇಯಿ' ಎಂದು ಬರೆಯಿರಿ. ಆಗ ಹಣ ಆ ಹೆಸರಿನ ಖಾತೆಗೇ ಹೋಗಬೇಕು. ಮೊತ್ತವನ್ನು ಸಾಲಿನ ತೀರಾ ಎಡದಿಂದಲೇ ಆರಂಭಿಸಿ, "ಮೂರು ಲಕ್ಷ ರೂಪಾಯಿಗಳು ಮಾತ್ರ" ಎಂದು ಮುಗಿಸಿ, ಉಳಿದ ಜಾಗಕ್ಕೆ ಗೆರೆ ಹೊಡೆಯಿರಿ. ಕನ್ನಡದಲ್ಲೇ ಬರೆಯಬಹುದು, ಸಂಕೋಚ ಬೇಡ. ಮೊತ್ತದಲ್ಲೋ ಹೆಸರಿನಲ್ಲೋ ತಪ್ಪಾದರೆ ತಿದ್ದಬೇಡಿ, ಹೊಸ ಹಾಳೆ ತೆಗೆದುಕೊಳ್ಳಿ. ಹಾಳಾದ ಹಾಳೆಯನ್ನು ಹರಿದುಬಿಡಿ.

ಸಾಲಕ್ಕೋ ಹೂಡಿಕೆಗೋ ಅರ್ಜಿ ಹಾಕುವಾಗ ರದ್ದುಗೊಳಿಸಿದ ಚೆಕ್, ಅಂದರೆ ಅಡ್ಡಲಾಗಿ 'ಕ್ಯಾನ್ಸಲ್ಡ್' ಎಂದು ಬರೆದ ಹಾಳೆ, ಕೇಳುವುದೂ ಉಂಟು. ಅದಕ್ಕೆ ಸಹಿ ಬೇಡ.

ಚೆಕ್ ಪುಸ್ತಕ ಅಂಚೆಯಲ್ಲಿ ಬರಲು ಕೆಲವು ದಿನ ಹಿಡಿಯುತ್ತದೆ, ಇವತ್ತೇ ಅರ್ಜಿ ಹಾಕಿ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕಿಗೆ ಬ್ಯಾಂಕುಗಳಲ್ಲಿ 'ಪಾಸಿಟಿವ್ ಪೇ' ಸೌಲಭ್ಯವಿದೆ, ಅಂದರೆ ನೀವು ಮೊದಲೇ ತಿಳಿಸಿದ ವಿವರದೊಂದಿಗೆ ಬ್ಯಾಂಕು ಚೆಕ್ಕನ್ನು ತಾಳೆ ನೋಡುತ್ತದೆ. ಮಾಲೀಕರ ಕೈಗೆ ಚೆಕ್ ಕೊಟ್ಟ ದಿನವೇ ಅದರ ಸಂಖ್ಯೆ, ತಾರೀಖು, ಹೆಸರು, ಮೊತ್ತವನ್ನು ನಿಮ್ಮ ಬ್ಯಾಂಕಿಗೆ ತಿಳಿಸಿಬಿಡಿ.