ಓದುಗರ ಪ್ರಶ್ನೆ: ಲೈಂಗಿಕ ಆರೋಗ್ಯಕ್ಕೂ ವಸ್ತುಸಂಗ್ರಹಾಲಯವೇ?

ಪ್ರಶ್ನೆ: ಲೈಂಗಿಕ ಆರೋಗ್ಯದ ತಿಳಿವಳಿಕೆಗೆಂದೇ ಕೆಲವು ದೇಶಗಳಲ್ಲಿ ವಸ್ತುಸಂಗ್ರಹಾಲಯಗಳಿವೆ ಎಂದು ಓದಿದೆ. ವೈದ್ಯರು ಹೇಳಬೇಕಾದದ್ದನ್ನು ಗಾಜಿನ ಕಪಾಟಿನಲ್ಲಿಟ್ಟರೆ ಜನ ಕಲಿಯುತ್ತಾರೆಯೇ? ಹದಿಹರೆಯದವರನ್ನು ಕರೆದೊಯ್ಯಬಹುದೇ?

ಉತ್ತರ: ಕಲಿಯುತ್ತಾರೆ. ಆದರೆ ಏನನ್ನು ಕಲಿಯುತ್ತಾರೆ ಎಂಬುದು ಆ ವಸ್ತುವನ್ನು ಅಲ್ಲಿಟ್ಟವರ ಉದ್ದೇಶವನ್ನು ಅವಲಂಬಿಸಿದೆ.

ವಿಯೆನ್ನಾದಲ್ಲಿ ಗರ್ಭನಿರೋಧ ಮತ್ತು ಗರ್ಭಪಾತಕ್ಕೇ ಮೀಸಲಾದ ಸಂಗ್ರಹಾಲಯವೊಂದಿದೆ. ಅಲ್ಲಿ ಹೇಳುವ ಕಥೆಗಳಲ್ಲಿ ಕಪ್ಪೆಯದೂ ಒಂದು. ಕಳೆದ ಶತಮಾನದ ಮಧ್ಯಭಾಗದಲ್ಲಿ ಹೆಂಗಸಿನ ಮೂತ್ರವನ್ನು ಆಫ್ರಿಕಾ ಮೂಲದ ಹೆಣ್ಣು ಕಪ್ಪೆಯೊಂದರ ಚರ್ಮದಡಿಗೆ ಚುಚ್ಚಿ ಕಾಯುತ್ತಿದ್ದರು. ಒಂದು ದಿನದೊಳಗೆ ಕಪ್ಪೆ ಮೊಟ್ಟೆಯಿಟ್ಟರೆ ಆಕೆ ಬಸುರಿ ಎಂದರ್ಥ. ಬಸುರಿಯ ಮೂತ್ರದಲ್ಲಿರುವ ಎಚ್‌ಸಿಜಿ ಹಾರ್ಮೋನು ಮಾಡುವ ಕೆಲಸವಿದು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿ ಹುಡುಕುವುದೂ ಇದೇ ಹಾರ್ಮೋನನ್ನು. ಇದನ್ನು ತಿಳಿದವರಿಗೆ, ಸಂಗವಾದ ಮರುದಿನವೇ ಪರೀಕ್ಷಿಸಿದರೆ ಪ್ರಯೋಜನವಿಲ್ಲವೇಕೆ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಆ ಹಾರ್ಮೋನು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಬರ್ಲಿನ್‌ನಲ್ಲಿ ಮಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ 1919ರಲ್ಲಿ ಆರಂಭಿಸಿದ ಲೈಂಗಿಕ ವಿಜ್ಞಾನದ ಸಂಸ್ಥೆಯಲ್ಲಿ ಚಿಕಿತ್ಸೆ, ಸಲಹೆ, ಸಂಗ್ರಹಾಲಯ ಮೂರೂ ಒಂದೇ ಸೂರಿನಡಿ ಇದ್ದವು. ಜನ ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕಬಹುದಿತ್ತು (ಈ ಅಂಕಣದ ಹಿರಿಯಣ್ಣ ಎನ್ನೋಣ). 1933ರ ಮೇ 6ರಂದು ನಾಜಿ ಬೆಂಬಲಿಗ ವಿದ್ಯಾರ್ಥಿಗಳು ಅದನ್ನು ಲೂಟಿ ಮಾಡಿದರು.

ಹದಿಹರೆಯದವರ ವಿಷಯಕ್ಕೆ ಬಂದರೆ, ಬರಿಯ ಹೆಸರು ನೋಡಿ ನಿರ್ಧರಿಸಬೇಡಿ. ನ್ಯೂಯಾರ್ಕಿನಲ್ಲಿ 2002ರಲ್ಲಿ ತೆರೆದ ‘ಮ್ಯೂಸಿಯಂ ಆಫ್ ಸೆಕ್ಸ್’ ವಯಸ್ಕರಿಗೆ ಮಾತ್ರ. ಲಂಡನ್ನಿನಲ್ಲಿ 2019ರಲ್ಲಿ ಬಾಗಿಲು ತೆರೆದ ‘ವಜೈನಾ ಮ್ಯೂಸಿಯಂ’ನ (ವಜೈನಾ ಎಂದರೆ ಯೋನಿ) ಮೊದಲ ಪ್ರದರ್ಶನವಾದರೋ ದೇಹದ ಬಗೆಗಿನ ತಪ್ಪುಕಲ್ಪನೆಗಳನ್ನು ಬಿಡಿಸುವುದಕ್ಕೇ ಮೀಸಲಾಗಿತ್ತು. ನೀವೇ ಮೊದಲು ಒಂದು ಸುತ್ತು ನೋಡಿಬರುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ 19ನೆಯ ಶತಮಾನದಲ್ಲಿ ರೋಗಿಯ ಮೈಮೇಲಿನಿಂದಲೇ ಅಚ್ಚು ತೆಗೆದು, ಮೇಣ ಹೊಯ್ದು, ಬಣ್ಣ ಹಚ್ಚಿ ಮಾಡಿದ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಹುಣ್ಣಿನ ಮಾದರಿಗಳು ವೈದ್ಯವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾಗಿದ್ದವು. ಆದರೆ ಮೇಣದ ಹುಣ್ಣು ಎಂದಿಗೂ ಮಾಯುವುದಿಲ್ಲ. ಮೈಮೇಲಿನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೂ ಇಲ್ಲ, ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಅದನ್ನು ಪತ್ತೆಹಚ್ಚಲು ರಕ್ತಪರೀಕ್ಷೆಯೇ ಆಗಬೇಕು, ಗುಣಪಡಿಸಲು ಪೆನಿಸಿಲಿನ್ ಇದೆ.